ಏಲಕ್ಕಿ ಹಾರದ ದಾರ

ಅಳೂದಾದ್ರ ನಿಮ್ಮನಿಗೆ ಹೋಗಿ ಅಳು ಸಕೀನಾ, ನನ್ನ ಪಡಸಾಲ್ಯಾಗ ಕುಂತು ಅಳಬ್ಯಾಡ... ಅಳಾಕತ್ತಿಲ್ಲ? ಮತ್ತ್ಯಾಕ ಮಾರಿ ಹಂಗ ಮಾಡ್ಕೊಂಡು ಕುಂತಿ? ನಾ ಏನ್ ಅಂಥಾದ್ದು ಅಂದೆ ನಿನಗ? ಗುತ್ತಲಕ್ಕ ಹೋಗಿ ನಿಮ್ಮಕ್ಕನ ಮನ್ಯಾಗ ನಾಕ ದಿನ ಇದ್ದು ಬಾ ಅಂದೆ, ಅಷ್ಟ. ಹಾವೇರಿ ಬಿಟ್ಟು ಓಡಿ ಹೋಗು ಅಂದಿಲ್ಲ, ಪಡಸಾಲಿ ಬಿಡು ಅಂದಿಲ್ಲ... ಹೂಂ, ಬಿಡು ಅಂದೆ. ಈಗ ಬಿಡು, ಆಮ್ಯಾಲೆ ಮತ್ತ ಬರೂವಂತಿ ಅಂದೆ. ಅದರಾಗ ಏನ್ ತಪ್ಪೈತಿ?

ಸಂಜೀಕ ಗುಡಿ ಕಮಿಟಿಯವ್ರು ಬರ್ತಾರ. ನಮ್ಮನಿಯವ್ರು ಅವರನ್ನ ಕರಕೊಂಡು ಬರಾಕನ ಹೋಗ್ಯಾರ. ಅವ್ರು ಬಂದು ಈ ಬಾಗಲಾ ತಗದು ನೋಡಿದ್ರ ಇಲ್ಲಿ ಒಂದು ಏಲಕ್ಕಿ ಸಿಪ್ಪಿ ಸೈತ ಇರಬಾರದು. ನಿನ್ನ ಮಣಿ ಡಬ್ಬಿ, ಜರಿ ಉಂಡಿ, ಆರಿಸಿಟ್ಟ ಏಲಕ್ಕಿ, ಎಲ್ಲಾ ತುಂಬಿಕೊ. ಚೀಲ ಬೇಕಾದ್ರ ನಾನ ಕೊಡ್ತೇನಿ. ಏಳು.

ಏಳಂದ್ರ ಏಳಂಗಿಲ್ಲ ನೋಡು. ಬಂದಾಗ ಒಂದು ಮಾತು ಅಂದಿ, ‘ಪ್ರೇಮವ್ವಕ್ಕಾ, ಗ್ರೂಪಿನ್ಯಾಗ ನೀ ಒಂದು ಮಾತು ಹೇಳು’ ಅಂತ. ಆವಾಗಿಂದ ಬಾಯಿ ಹೊಲಕೊಂಡು ಕುಂತಿ. ಒಂದು ಮಾತಂತ, ಒಂದು ಮಾತು. ಗ್ರೂಪ್ ಅಂದ್ರ ಏನಂತ ಗೊತ್ತೈತೇನು ನಿನಗ? ನಿನ್ನ ಹಂತ್ಯಾಕ ಇರೋದು ಗುಂಡಿ ಒತ್ತೋ ಫೋನು. ಅದೇನು ನಮ್ಮ ಓಣಿ ಕಟ್ಟಿ ಅಂತ ತಿಳದೀ ಏನು, ಒಬ್ಬಾಕಿ ಎದ್ದು ನಿಂತು ಹೇಳಿದ್ರ ಉಳದವ್ರು ಕೇಳಾಕ? ಅಲ್ಲಿ ಯಾರೂ ಕೇಳಂಗಿಲ್ಲ. ಎಲ್ಲಾರೂ ಕಳಸತಾರ. ಬಂದದ್ದನ್ನ ಮುಂದಕ ಕಳಸತಾರ, ಕಳಿಸಿದ್ದು ತಿರುಗಿ ಅವರಿಗೇ ಬರತೈತಿ, ಹೊಸಾದು ಅನ್ನೂವಂಗ ಮತ್ತ ಕಳಸತಾರ. ಅದರಾಗ ನಾ ಬಾಯಿ ಹಾಕಬೇಕಂತ.

ನನ್ನ ಫೋನ್ ಕಡೆ ಯಾಕ ನೋಡ್ತಿ? ಅದರಾಗ ಏನಿಲ್ಲ. ಆ ವಿಡಿಯೋ ಆವತ್ತ ಅಳಿಸಿ ಹಾಕೇನಿ. ನೋಡಬ್ಯಾಡ ಬಿಡು, ನೋಡಿದ್ರ ಸುಮ್ಮನ ಜೀವಕ್ಕ ತ್ರಾಸು. ಏನೈತಿ ಅದರಾಗ ಅಂತ ನಾ ಹೇಳಿಲ್ಲೇನು? ಒಬ್ಬಾಕಿ ಸೆರಗ ಹೊತ್ತುಕೊಂಡು ಈ ಕಿಡಕಿ ಕಡೆ ಕುಂತಾಳ. ಮಾರಿ ಕಾಣೂದಿಲ್ಲ, ಸೆರಗಿನ ಸಂದ್ಯಾಗ ತುಟಿ ಅಷ್ಟ ಕಾಣತಾವ, ಒಂದು ಕೈ ಕಾಣತೈತಿ. ದಾರದ ತುದಿ ಬಾಯಾಗ ಇಟ್ಟು, ಹಸಿ ಮಾಡಿ, ಸೂಜಿಗೆ ಏರಸ್ತಾಳ. ಮುಂದ ನಮ್ಮ ಬಸವಣ್ಣನ ಯುಗಾದಿ ಹಾರ. ಮುಗೀತು. ಅದರ ಕೆಳಗ ಆ ಮೈಲೇಶ, ಗ್ರೂಪ್ ನಡಸಾಂವ, ಬರದಾನ. ‘ದೇವರ ಹಾರಕ್ಕೆ ಉಗುಳಿ ಕಟ್ಟುತ್ತಾರೆ. ಇದು ನಮ್ಮ ಹಾವೇರಿಯಲ್ಲೇ ನಡೆದದ್ದು. ಎಲ್ಲರಿಗೂ ಕಳಿಸಿ.’ ಕಳಿಸಿದ್ರು. ಯುಗಾದಿ ಬೇವು-ಬೆಲ್ಲ ಬಾಯಾಗ ಇದ್ದಾಗನ ಕಳಿಸಿದ್ರು.

ನಿನ್ನ ಹೆಸರ ಅವ ಬರದಿಲ್ಲ ಅಂತೀ ಏನು? ಬರೀಬೇಕೇನು ಮತ್ತ? ಗೌಡರ ಶಂಕ್ರಪ್ಪನ ಮನಿ ಪಡಸಾಲಿ, ಏಲಕ್ಕಿ ಹಾರ, ತಲಿ ಮ್ಯಾಲ ಸೆರಗ. ಊರಿಗೆಲ್ಲಾ ಗೊತ್ತಾಗೂದಿಲ್ಲೇನು ಅದು ಸಕೀನಾಬಿ ಅಂತ. ಎಲ್ಲಾರೂ ತಾವ ತಿಳಕೊಂಡ್ರು. ಯಾರೂ ಹೇಳಿಕೊಡಲಿಲ್ಲ.

ಮತ್ತ ನಾ ಸುಳ್ಳ ಯಾಕ ಹೇಳ್ಲಿ, ಸಿಟ್ಟ ಬರತೈತಿ ನನಗ ನಿನ್ನ ಮ್ಯಾಲೂ. ದೇವರಿಗೆ ಹಾಕೋ ಹಾರ ಅದು. ಬಾಯಾಗ ಯಾಕ ಇಡಬೇಕು ದಾರ? ಒಂದು ವಾಟಗದಾಗ ನೀರ ಇಟ್ಕೊಂಡು ಅದ್ದಿದ್ರ ಆಗತಿರಲಿಲ್ಲೇನು? ಮೇಣ ಹಚ್ಚಿದ್ರ ಆಗತಿರಲಿಲ್ಲೇನು? ನಿಮ್ಮವ್ವ ಹಂಗ ಕಲಿಸಿರಬಹುದು, ಅವರವ್ವ ಆಕಿಗೆ ಕಲಿಸಿರಬಹುದು, ಆದ್ರ ಕಾಲ ಯಾವುದು ನೋಡಬೇಕಲ್ಲ. ಕೊಳಕ ಅದು. ನಾ ಅಂತೂ ಜಲ್ಮದಾಗ ಹಂಗ ದಾರ ಬಾಯಿಗೆ...

ಯಾಕ ನಗತಿ?

ನಗಬ್ಯಾಡ ಸಕೀನಾ. ನಗೂ ಹೊತ್ತಲ್ಲ ಇದು. ನಿನ್ನ ಹಾರ ಬಸವಣ್ಣನ ಕೊರಳಾಗಿಂದ ಕಿತ್ತು ಒಗದಾರ. ಊರಾಗಿನ ಒಂದು ಮದವಿಗೆ ಹೇಳಿದ್ದ ಹಾರ ಬ್ಯಾಡಂದ್ರು, ರಾಣೆಬೆನ್ನೂರಾಗ ಸನ್ಮಾನಕ್ಕ ಹೇಳಿದ್ರು, ಅವರೂ ಬ್ಯಾಡಂದ್ರು, ಈಗ ಹೂವಿನ ಹಾರ ತರ್ತಾರಂತ. ನಿನ್ನ ಮಗಳು ಸಿಮ್ರಾನ ರಾಣೆಬೆನ್ನೂರ ಕಾಲೇಜಿಗೆ ಹೊಕ್ಕಾಳ, ಬಸ್ಸಿನ್ಯಾಗ ಆಕಿ ಬಾಜೂಕ ಕುಂತಿದ್ದ ಹುಡುಗ್ಯಾರು ಎದ್ದು ಹಿಂದಿನ ಸೀಟಿಗೆ ಹೋದ್ರಂತ, ನನ್ನ ಮುಂದ ನನ್ನ ಮಗಳು ಮಧು ಹೇಳಿದ್ಲು. ಇಷ್ಟೆಲ್ಲಾ ಆಗೇತಿ, ನೀ ನಗಾಕತ್ತಿ.

ಕೇಳಿಲ್ಲೆ, ನಿನಗ ಬುದ್ಧಿ ಹೇಳ್ತೇನಿ. ಇಂಥಾದಕ್ಕ ಉತ್ತರ ಕೊಡಬಾರದು. ಕೊಟ್ಟಷ್ಟೂ ಬೆಳೀತೈತಿ. ಬ್ಯಾಡಗ್ಯಾಗ ನನ್ನ ತಂಗಿ ಗಂಡ ಅದಾನಲ್ಲ, ಹನುಮಪ್ಪ, ಮೆಣಸಿನಕಾಯಿ ವ್ಯಾಪಾರ? ಅವನ ಅಂಗಡ್ಯಾಗ ಕಾಯಿ ತೊಟ್ಟು ಬಿಡಸೋ ಹೆಣಮಕ್ಕಳು ಕೈ ಉರೀಬಾರದಂತ ಎಣ್ಣಿ ಹಚ್ಚಿಕೊಂತಾರ. ಎಲ್ಲಾ ಅಂಗಡ್ಯಾಗೂ ಹಚ್ಚಿಕೊಂತಾರ. ಯಾಂವೋ ಒಬ್ಬ ಅದರ ಫೋಟೋ ತಗದು, ಮೆಣಸಿನಕಾಯಿಗೆ ಬಣ್ಣ ಬಳ್ಯಾಕತ್ತಾರ ಅಂತ ಹಾಕಿದ. ಹನುಮಪ್ಪಗ ಸಿಟ್ಟ ಬಂತು. ಸುಮ್ಮನ ಕುಂದ್ರಬೇಕಿಲ್ಲೋ? ಕುಂದ್ರಲಿಲ್ಲ. ಅಂಗಡ್ಯಾಗ ನಿಂತು ತನ್ನ ವಿಡಿಯೋ ತಾನ ಮಾಡಿಸಿದ, ಇದು ಎಣ್ಣಿ ಐತ್ರಿ, ಬಣ್ಣ ಅಲ್ರಿ, ಬೇಕಾದ್ರ ಬಂದು ನೋಡ್ರಿ ಅಂತ. ಆವತ್ತಿನ ತನಕ ಸುದ್ದಿ ಗೊತ್ತಿರಲಾರದವ್ರಿಗೂ ಗೊತ್ತಾತು. ಈಗ ಬ್ಯಾಡಗಿ ಪ್ಯಾಟ್ಯಾಗ ಅವಗ ಬಣ್ಣದ ಹನುಮಪ್ಪ ಅಂತಾರ. ಮಾರಿ ಮುಂದನ ಅಂತಾರ.

ಏನಂದಿ? ಜೋರ ಹೇಳು... ಬ್ಯಾರೆ ಅಂಗಡಿಯವ್ರು? ಅವರೂ ಎಣ್ಣಿ ಹಚ್ಚಿಸ್ತಾರ, ಹೂಂ. ಅವರ್ಯಾರೂ ಅವನ ಪರವಾಗಿ ಮಾತಾಡ್ಲಿಲ್ಲ. ಯಾಕ ಮಾತಾಡ್ತಾರ? ತಮ್ಮ ಮೈ ಮ್ಯಾಲ ಯಾಕ ಎಳಕೊಂತಾರ? ತಮ್ಮ ತಮ್ಮ ಕೈ ಹಿಂದ ಮುಚ್ಚಿಕೊಂಡು ನಿಂತ್ರು. ಯಾರಾದ್ರೂ ಹಂಗ ಮಾಡೂದು. ಅದಕ್ಕ ನಾ ಹೇಳಾಕತ್ತಿದ್ದು, ಸುಮ್ಮನ ಇರು ಅಂತ. ಮಂದಿಗೆ ಇವತ್ತ ಇದು, ನಾಳಿ ಇನ್ನೊಂದು. ಹೊಸಾದು ಸಿಕ್ಕ ಕೂಡಲೆ ನಿನ್ನ ಮರತ ಬಿಡ್ತಾರ.

ಮರೀತಾರ ಅಂದ್ರ ನಂಬಂಗಿಲ್ಲ. ನನ್ನ ಕೈ ಯಾಕ ನೋಡ್ತಿ ಹಂಗ? ಬಳಿ ನೋಡ್ತಿ? ಹಳೇವ ಬಳಿ, ಹೊಸಾವೇನಲ್ಲ. ಹಸರ ಬಳಿ ಊರಾಗ ಯಾರ ಕೈಯಾಗ ಇಲ್ಲ? ರಹಿಮಾನಸಾಬ ತೀರಿಕೊಂಡಾಗಿಂದ ನೀ ಹಾಕ್ಕೊಂಡಿಲ್ಲ ಅಂದ್ರ ಊರ ಮಂದಿ ಎಲ್ಲಾ ಬಿಡಬೇಕೇನು? ಮಾತಿಗೆ ಮಾತು ಬ್ಯಾರೆ ಕಡೆ ಒಯ್ಯಬ್ಯಾಡ.

ಅಲ್ಲ, ನಾ ನಿನಗ ಏನ್ ಕಮ್ಮಿ ಮಾಡೇನಿ ಹೇಳು. ರಹಿಮಾನಸಾಬ ಹೋದಾಗ ಯಾರು ಬಂದ್ರು ನಿಮ್ಮನಿಗೆ ಮದಲಿಗೆ? ಒಲಿ ಹಚ್ಚಬಾರದು ನಿಮ್ಮನ್ಯಾಗ ಅಂತ ರೊಟ್ಟಿ ಬುಟ್ಟಿ ಹೊತ್ತು ಬಂದಾಕಿ ಯಾರು? ನಿಮ್ಮನ್ಯಾಗ ಕತ್ತಲಾಕ್ಕೈತಿ, ಏಲಕ್ಕಿ ಆರಿಸಾಕ ಕಣ್ಣ ಕಾಣೂದಿಲ್ಲ ಅಂದಾಗ ಈ ಪಡಸಾಲಿ ಕೊಟ್ಟಾಕಿ ಯಾರು? ನಮ್ಮತ್ತಿ ಇದ್ಲು ಆವಾಗ, ಏನೇನ ಅಂದ್ಲು ನನಗ. ಅನ್ನಿಸ್ಕೊಂಡೆ. ನಿನ್ನ ಮುಂದ ಹೇಳಿದ್ನೇನು? ಇಷ್ಟ ವರ್ಷ ಒಂದ ಸೂರಿನ ಕೆಳಗ ಕುಂತು ಹಾರ ಕಟ್ಟೀದಿ, ನಾ ಬಂದು ಬಾಜೂಕ ಕುಂತೇನಿ. ನಿಮ್ಮ ರೋಜಾ ತಿಂಗಳ ಬಂತಂದ್ರ ಮನಿ ಕೆಲಸ ಬಿಟ್ಟು ಮಧ್ಯಾಹ್ನದಾಗ ಬರಾಕಿ ನಾ. ನೀ ಉಪಾಸ, ಉಗುಳ ಸೈತ ನುಂಗಬೇಕೋ ಬ್ಯಾಡೋ ಅಂತ ಹೆದರಾಕಿ, ದಾರ ಬಾಯಾಗ ಇಡಂಗಿಲ್ಲ. ಸಂಜೀತನಾ ನಿನಗ ಬೇಕಾಗೋ ಸೂಜಿ ಎಲ್ಲಾ ನಾನ ಪೋಣಿಸಿ ಆ ದಿಂಬಿಗೆ ಚುಚ್ಚಿ ಇಟ್ಟು ಹೋಗಾಕಿ. ಈ ಬಾಯಿಲೇ ಅಲ್ಲೇನು ಎಲ್ಲಾ...

...

ಯಾಕ ಹಂಗ ನೋಡಾಕತ್ತಿ?

ಅದು ಬ್ಯಾರೆ. ಅದು ಮದಲಿನ ಮಾತು. ಈ ವರ್ಷ ನಾ ಎಲ್ಲಿ ಬಂದೇನಿ? ಈ ವರ್ಷ ಮಧೂನ ನಿಶ್ಚಯದ ಗದ್ದಲದಾಗ ನಾ ಪಡಸಾಲಿ ಕಡೆ ಹಾಯ್ದ ನೋಡಿಲ್ಲ... ಬಂದಿದ್ದೆ, ಹೂಂ, ಒಂದೀಟು ಬಂದಿದ್ದೆ. ಯುಗಾದಿ ಹಾರದ ದಿನ ಬಂದಿಲ್ಲ. ಆವತ್ತ ರೋಜಾ ಇತ್ತೋ ಇಲ್ಲೋ ಯಾರಿಗೆ ನೆನಪೈತಿ. ನೀ ಬಿಟ್ಟಿದ್ದೀ ಏನೋ ಆವತ್ತ, ಬಿಸಿಲ ಭಾಳ ಇತ್ತು. ಬಿಟ್ಟಿದ್ದೀ ಅಲ್ಲಾ? ನೀ ಬಾಯಾಗ ದಾರ ಇಟ್ಟೀದಿ ಅಂದ್ರ ಬಿಟ್ಟಿರಬೇಕು ಮತ್ತ.

ಹೌದು ಅನ್ನು. ಇಲ್ಲಾ ಅನ್ನು. ಏನರ ಒಂದು ಅನ್ನು ಸಕೀನಾ, ಹಿಂಗ ಕುಂದ್ರಬ್ಯಾಡ. ನೀ ಬಾಯಿ ಬಿಟ್ಟು ಜಗಳಾ ತಗದ್ರ ನಾನೂ ಜಗಳಾ ತಗೀತೇನಿ, ಇಬ್ರೂ ಒದರ್ಯಾಡಿ ಮುಗಸೂಣು. ನೀ ನನಗ ಬೈ. ಬೈದ್ರ ನಿನ್ನ ಈ ಮನಿ ಬಿಡಸಾಕ ನನಗ ಸಸಾರ ಆಕ್ಕೈತಿ.

ಹಾಂ, ಹಂಗ ಏಳು. ಶಾಣ್ಯಾಕಿ. ತುಂಬಿಕೊ, ಲಗೂನ ತುಂಬಿಕೊ. ಮಣಿ ಡಬ್ಬಿ ಮುಚ್ಚಳ ಸಡಲ ಐತಿ, ಹುಷಾರ. ಜರಿ ಇಲ್ಲೈತಿ ತಗೊ. ನಿನ್ನ ಮ್ಯಾಲೆ ನನಗೇನ್ ದ್ವೇಷ ಐತೇನು? ಮಧೂನ ಬೀಗರು ರಾಣೆಬೆನ್ನೂರಿನವ್ರು, ಭಾಳ ನೇಮದ ಮಂದಿ. ಮದವಿ ಆಗೂತನಾ ನಮ್ಮ ಮನಿ ಹೆಸರ ಯಾರ ಬಾಯಾಗೂ ಬರಬಾರದು. ನೀನೂ ಹೆಣ್ಣ ಹಡದಾಕಿ, ನಿನಗ ತಿಳೀತೈತಿ. ನಿನ್ನ ಮಗಳ ಮದವೀನೂ ಒಂದು ದಿನ...

ಅದನ್ನ ಯಾಕ ಹಿಡದಿ?

ಸೂಜಿ ದಾರ ಚೀಲಕ್ಕ ಹಾಕು ಅಂದ್ರ ನನ್ನ ಮುಂದ ಯಾಕ ಹಿಡಿತಿ? ಈಗ ಯಾವ ರೋಜಾನೂ ಇಲ್ಲ. ಹಬ್ಬ ಮುಗದು ಹೋತು. ಈಗ ನಿನ್ನ ದಾರ ನೀನ ಪೋಣಿಸಿಕೊ. ತಗಿ ಕೈ. ಮಾರಿ ಮುಂದಿಂದ ತಗಿ ಅದನ್ನ... ಸಕೀನಾ, ತಗಿ.

ನೀ ನೋಡೀಯೇನು?

ಆ ವಿಡಿಯೋ. ನೋಡೀಯೇನು ನೀ? ನಿನ್ನ ಫೋನಿಗೆ ಬರೂದಿಲ್ಲ ಅದು... ಸಿಮ್ರಾನ. ಸಿಮ್ರಾನ ತೋರಿಸಿದ್ಲು. ಯಾವಾಗ? ಇವತ್ತ? ನಿನ್ನಿ?... ಮದಲನೇ ದಿನ. ಯುಗಾದಿ ದಿನ.

ಅಂದ್ರ ಆವತ್ತಿಂದ ನಿನಗ ಗೊತ್ತಿತ್ತು. ಹಾರ ಕಿತ್ತು ಒಗದಾಗ ಗೊತ್ತಿತ್ತು. ಬಸ್ಸಿನ್ಯಾಗ ಹುಡುಗ್ಯಾರು ಎದ್ದು ಹೋದಾಗ ಗೊತ್ತಿತ್ತು. ಇಷ್ಟ ದಿನ ನಾ ನಿನ್ನ ಮುಂದ ಕುಂತು, ನೀ ಬಾಯಾಗ ದಾರ ಇಟ್ಟಿ, ನೀ ಕೊಳಕ ಮಾಡಿದಿ, ನೀ ಗುತ್ತಲಕ್ಕ ಹೋಗು... ನೀ ಎಲ್ಲಾ ಕೇಳಿಕೊಂತ ಕುಂತಿ. ಒಂದು ಮಾತು ಹೇಳು ಅಕ್ಕಾ ಅಂದಿದ್ದು ಅದಕ್ಕ. ನಾ ತಿಳಕೊಂಡೆ, ‘ಈಕಿ ಚೊಲೋ ಹೆಣಮಗಳು’ ಅಂತ ನನ್ನ ಕಡಿಂದ ಸಾಕ್ಷಿ ಹೇಳಸಾಕತ್ತಿ ಅಂತ.

ಯಾರ ಮುಂದ ಹೇಳೀದಿ? ನಿಮ್ಮಕ್ಕನ ಮುಂದ? ಜಮಾತಿನವರ ಮುಂದ?... ಯಾರ ಮುಂದೂ ಹೇಳಿಲ್ಲ. ಸಿಮ್ರಾನಗೂ ಹೇಳಬ್ಯಾಡ ಅಂದೀದಿ. ಯಾಕ ಹೇಳಲಿಲ್ಲ? ಸಿಟ್ಟ ಬರಲಿಲ್ಲೇನು ನಿನಗ? ಅದು ನಾನಲ್ಲ, ಪ್ರೇಮವ್ವ ಅಂತ ಓಣ್ಯಾಗ ನಿಂತು ಒದರಬೇಕಿತ್ತು...

ನಂಬತಿದ್ದಿಲ್ಲ ಅಲ್ಲಾ. ನೀ ಹೇಳಿದ್ರ ಯಾರೂ ನಂಬತಿದ್ದಿಲ್ಲ. ಉಗುಳಿದ್ದಲ್ಲದ ಗೌಡರ ಮನಿ ಹೆಣಮಗಳ ಮ್ಯಾಲ ಹಾಕ್ತಾಳ ಅಂತಿದ್ರು. ಮತ್ತ ಬ್ಯಾರೆ ವಿಡಿಯೋ ಆಗತಿತ್ತು.

ಕೇಳು ಹಂಗಾರ. ಮಧು ಹಿಡದದ್ದು ಅದು. ನಮ್ಮನಿ ಹಾರ ಬಸವಣ್ಣಗ ಹೊಂಟೈತಿ ಅಂತ ಹೆಮ್ಮಿಲೇ ಸ್ಟೇಟಸ್ಸಿಗೆ ಹಾಕಿದ್ಲು ಹುಡುಗಿ, ಬ್ಯಾರೇನೂ ಮನಸ್ಸಿನ್ಯಾಗ ಇರಲಿಲ್ಲ ಆಕೀದು. ಬಿಸಿಲು ಕಿಡಕ್ಯಾಗಿಂದ ನೆತ್ತಿಗೆ ಬಡ್ಯಾಕತ್ತಿತ್ತು, ನಾ ಸೆರಗ ಹೊತ್ತಕೊಂಡಿದ್ದೆ. ನೀ ಆ ಮೂಲ್ಯಾಗ ತುಟಿ ಒಣಗಿಸಿಕೊಂಡು ಕುಂತು ಏಲಕ್ಕಿ ಆರಸಾಕತ್ತಿದ್ದಿ. ಮೈಲೇಶ ಬರದದ್ದನ್ನ ನೋಡಿದ ಕೂಡಲೆ ಮಧು ಅತ್ತಳು, ಅವ್ವಾ ಹೇಳಿ ಬಿಡೂಣು ಅಂದ್ಲು. ನಾ ಆಕಿ ಕಪಾಳಕ್ಕ ಹೊಡದೆ. ಆಮ್ಯಾಲೆ ನಾನ ಒಂದ ಸಲ ಬರದೆ ಗ್ರೂಪಿನ್ಯಾಗ, ‘ಅದು ನಾನು’ ಅಂತ. ಬರದೆ, ಅಳಿಸಿದೆ. ಮತ್ತ ಬರದೆ. ಅಷ್ಟ್ರಾಗ ನಮ್ಮನಿಯವ್ರು ಕೆಳಗ ಕೈ ಮುಗದು ಹಾಕಿದ್ರು, ‘ನಮಗೆ ಗೊತ್ತಿರಲಿಲ್ಲ, ಆಕೆಯನ್ನು ಬಿಡಿಸುತ್ತೇವೆ’ ಅಂತ. ಎಲ್ಲಾರೂ ಶಂಕ್ರಪ್ಪಣ್ಣಾ ಶಹಬ್ಬಾಸ ಅಂದ್ರು. ನಾ ಅಳಿಸಿ ಫೋನ್ ಬೋರಲ ಮಾಡಿ ಇಟ್ಟೆ.

ಏನಾಗತಿತ್ತು ಹೇಳಿದ್ರ? ಇಷ್ಟ ದಿನದಿಂದ ಅದನ್ನ ಲೆಕ್ಕ ಹಾಕಾಕತ್ತೇನಿ ನಾ. ಬೀಗರು ಬಿಡ್ತಾರ, ಗುಡ್ಯಾಗ ನನ್ನ ಸೇವಾ ಬಿಡಸ್ತಾರ, ಏನೇನೋ ಅನಸತಿತ್ತು. ಈಗ ನೀ ಸೂಜಿ ಹಿಡಕೊಂಡು ನಿಂತೀಯಲ್ಲ, ಈಗ ತಿಳೀತು. ಏನೂ ಆಗತಿದ್ದಿಲ್ಲ. ಪ್ರೇಮವ್ವ ಸೂಜಿ ಪೋಣಸಾಕತ್ತಾಳ ಅಂತಿದ್ರು. ಅಷ್ಟ. ಅವರವ್ವ ಹಂಗ ಪೋಣಸಾಕಿ, ಅವರಜ್ಜಿ ಹಂಗ ಪೋಣಸಾಕಿ. ನಕ್ಕು ಸುಮ್ಮನಾಗತಿದ್ರು. ಅದ ದಾರ, ಅದ ಉಗುಳು, ನನ್ನ ಬಾಯಾಗ ಇದ್ರ ಯಾರಿಗೂ ಅಸಹ್ಯ ಇಲ್ಲ.

ನಮ್ಮನಿಯವ್ರು ಆ ವಿಡಿಯೋ ಎಷ್ಟ ಸಲ ನೋಡಿದ್ರು ಗೊತ್ತೇನು? ಹಲ್ಲ ಕಡದು, ಆ ಹಸರ ಬಳಿ ಕೈ ತೋರಿಸಿ, ನೋಡ ಈಕೀನ ನೋಡ ಅಂತ ನನ್ನ ಮುಂದ ಹಿಡದು ನೋಡಿದ್ರು. ಆ ಕೈಲೇ ಮಾಡಿದ ರೊಟ್ಟಿ ತಿಂದುಕೋತ ನೋಡಿದ್ರು. ಗುರುತ ಹಿಡೀಲಿಲ್ಲ. ನೀ ಹಿಡದಿ.

ಹೋಗಬ್ಯಾಡ... ಚೀಲ ಕೆಳಗ ಇಡು. ಇಡು ಅಂದೆ. ನೀ ಹಿಂಗ ಮಾತಾಡಲಾರದ ಹೊಸ್ತಲಾ ದಾಟಿದ್ರ ನಾ ಈ ಪಡಸಾಲ್ಯಾಗ ಹೆಂಗ ಕಸಾ ಹೊಡೀಲಿ? ನನಗ ನಿನ್ನ ಮ್ಯಾಲ ಈಗೂ ಸಿಟ್ಟೈತಿ ತಿಳಕೊ. ಯಾಕಂದ್ರ ಗೊತ್ತಿದ್ದೂ ಸುಮ್ಮನ ಕುಂತಿ. ನೀ ಸುಮ್ಮನ ಕುಂತಷ್ಟು ದಿನ ನಾ ಇನ್ನೂ ಇನ್ನೂ ಕೆಟ್ಟಾಕಿ ಆಕ್ಕೋತ ಹೋದೆ.

ಬಾಗಲಾ ಬಡೀತಾರ. ಬಂದ್ರು. ಆ ದನಿ ಮೈಲೇಶಂದು, ಜೋಡಿ ಇನ್ನೂ ಮಂದಿ ಅದಾರ.

ನೋಡು, ಕೇಳಾಕತ್ತಾರ ನಮ್ಮನಿಯವ್ರು, ಹೋದ್ಲೇನು ಆಕಿ ಅಂತ. ಏನ್ ಹೇಳ್ಲೇ?... ಈಗರ ಏನರ ಅನ್ನು.

ಬ್ಯಾಡ. ನೀ ಏನೂ ಅನಬ್ಯಾಡ. ಇಷ್ಟ ದಿನ ಸುಮ್ಮನಿದ್ದಿ, ಇನ್ನೊಂದೀಟು ಸುಮ್ಮನಿರು. ಅಲ್ಲೇ ಕುಂದ್ರು, ನಿನ್ನ ಜಾಗಾದಾಗ. ಆ ಸೂಜಿ ಇಲ್ಲಿ ಕೊಡು. ದಾರಾನೂ ಕೊಡು.

ಇಲ್ರೀ, ಹೋಗಿಲ್ಲ. ಇಲ್ಲೇ ಅದಾಳ. ಎಲ್ಲಾರೂ ಒಳಗ ಬರ್ರಿ. ಮೈಲೇಶಾ, ನಿನ್ನ ಫೋನ್ ತಗಿಯೋ. ಆ ವಿಡಿಯೋ ಹಚ್ಚಿ ನನ್ನ ಬಾಜೂಕ ಹಿಡಿ, ಈ ಕೈ ಕಾಣೂವಂಗ ಹಿಡಿ.